ಸ್ಪ್ರಿಂಗಣ್ಣನ ಕತ್ತೂ ಕಟ್ಟೆಯೂ

ದಿಂಬು ಬದಲಾಯಿಸಿ ಎಂದವರನ್ನು ಸ್ಪ್ರಿಂಗಣ್ಣ ಇಂದಿಗೂ ಕ್ಷಮಿಸಿಲ್ಲ. ಮುಂದೆ ಕ್ಷಮಿಸುವ ಲಕ್ಷಣವೂ ಇಲ್ಲ.

ನೀವೇ ಹೇಳಿ. ಒಬ್ಬ ಮನುಷ್ಯ ಹುಟ್ಟಿದ್ದು ಹತ್ತಿ ಮೂಟೆಯ ಪಕ್ಕ, ಓದಿದ್ದು ನಾಲ್ಕನೇ ಕ್ಲಾಸು, ಆಮೇಲೆ ಬದುಕಿದ್ದೆಲ್ಲ ಸೋಫಾ, ಹಾಸಿಗೆ, ದಿಂಬುಗಳ ನಡುವೆ. ಬೀದಿಯ ಅರ್ಧ ಜನ ತಲೆ ಇಟ್ಟು ಮಲಗುವುದು ಅವನು ತುಂಬಿದ ದಿಂಬಿನ ಮೇಲೆ. ಅಂಥವನ ಕತ್ತು ಹಿಡಿದುಕೊಂಡಿತು ಎಂದ ಮಾತ್ರಕ್ಕೆ ಬಂದವರು ಹೋದವರೆಲ್ಲ, "ದಿಂಬು ಸರಿ ಇಲ್ಲ ಅನ್ಸುತ್ತೆ, ಬದಲಾಯ್ಸಿ ನೋಡಿ" ಎಂದರೆ ಹೇಗಾಗಬೇಡ? ಹಾಲಿನವನು ಅಂದ. ಪೋಸ್ಟಿನವನು ಅಂದ. ಅವನ ದಿಂಬಿನ ಮೇಲೆಯೇ ವರ್ಷಾನುಗಟ್ಟಲೆ ಗೊರಕೆ ಹೊಡೆದ ಮೂಲೆ ಮನೆಯ ಮೇಷ್ಟರೂ ಅಂದರು. ಹೆಂಡತಿ ಮಾತ್ರ ಅನ್ನಲಿಲ್ಲ. ಅವಳು ಸದ್ದಿಲ್ಲದೆ ತನ್ನ ದಿಂಬನ್ನು ಪಕ್ಕಕ್ಕಿಟ್ಟು, ಟವೆಲ್ ಮಡಿಚಿ ತಲೆಯಡಿಗೆ ಹಾಕಿಕೊಂಡು ಮಲಗಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಸ್ಪ್ರಿಂಗಣ್ಣ ಎನ್ನುವುದು ಬೀದಿ ಇಟ್ಟ ಹೆಸರು. ಸೋಫಾಕ್ಕೆ ಸ್ಪ್ರಿಂಗು ಕಟ್ಟುತ್ತಾನೆಂದು ಇಟ್ಟರೋ, ಸಿಟ್ಟು ಬಂದಾಗ ಕೂತಲ್ಲಿಂದ ಚಂಗನೆ ಎಗರುತ್ತಾನೆಂದು ಇಟ್ಟರೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಮೂಗಿನ ತುದಿಯಲ್ಲಿ ಕೋಪ ಎನ್ನುತ್ತಾರಲ್ಲ, ಇವನ ಕೋಪಕ್ಕೆ ಅಷ್ಟು ದೂರ ಹೋಗುವ ತಾಳ್ಮೆಯೂ ಇಲ್ಲ, ತುಟಿಯ ಮೇಲೆಯೇ ಕೂತಿರುತ್ತದೆ. ಆದರೆ ದೇವರು ದೊಡ್ಡವನು. ಇವನಿಗೆ ಇಂಥ ಕೋಪ ಕೊಟ್ಟು, ಜೊತೆಗೆ ಇಂಥ ಕಸುಬನ್ನೂ ಕೊಟ್ಟ. ಸೋಫಾ ಕೆಲಸದವರು ಪುಟ್ಟ ಪುಟ್ಟ ಮೊಳೆಗಳನ್ನು ಬಾಯಿ ತುಂಬ ಹಾಕಿಕೊಂಡು, ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ ಪಟಪಟ ಹೊಡೆಯುತ್ತಾರೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಸ್ಪ್ರಿಂಗಣ್ಣನದು ಮೌನವ್ರತ. ಸಂಸಾರದ ಮಹಾ ಮಹಾ ತೀರ್ಮಾನಗಳೆಲ್ಲ ಆಗುವುದು ಆ ಮುಹೂರ್ತದಲ್ಲಿಯೇ. ಹೆಂಡತಿ ಮೊಳೆ ತುಂಬಿದ ಬಾಯಿಯ ಎದುರು ಬಂದು ನಿಂತು, "ಒಳಗಿನ ರೂಮಿಗೆ ಗುಲಾಬಿ ಬಣ್ಣ ಹೊಡೆಸೋಣ ಅಂತಿದೀನಿ. ಬೇಡ ಅನ್ಲಿಲ್ಲ ತಾನೇ? ಸರಿ" ಎಂದು ತಿರುಗಿ ಹೋಗಿಬಿಡುತ್ತಾಳೆ. ಇವನ ಬಾಯಿ ಖಾಲಿಯಾಗುವ ಹೊತ್ತಿಗೆ ಬಣ್ಣದವನು ಒಂದು ಗೋಡೆ ಮುಗಿಸಿರುತ್ತಾನೆ. (ಆ ಕೋಣೆ ಇಂದಿಗೂ ಗುಲಾಬಿಯೇ. ಸ್ಪ್ರಿಂಗಣ್ಣ ಅಲ್ಲಿಗೆ ಹೋದರೆ ಹೋಳಿಗೆ ತಿಂದ ಮುಖವಲ್ಲ, ಹಾಗಲಕಾಯಿ ತಿಂದ ಮುಖ ಮಾಡಿಕೊಂಡು ಬರುತ್ತಾನೆ.)

ಇಂಥ ಕೆಲಸದಲ್ಲಿ ಸೋಫಾದ ಚೌಕಟ್ಟನ್ನು ಎಡ ಭುಜಕ್ಕೆ ಆನಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಹುರಿಯನ್ನು ಜೀವ ಹೋಗುವ ಹಾಗೆ ಎಳೆಯಬೇಕು. ಎಳೆದ. ಸ್ಪ್ರಿಂಗು ಬಿಗಿಯಾದ ಹಾಗೆಲ್ಲ ಕತ್ತೂ ಬಿಗಿಯಾಯಿತು. ಮೊದಮೊದಲು ನೋವು ಸಂಜೆ ಬಂದು ಬೆಳಗ್ಗೆ ಹೋಗುತ್ತಿತ್ತು. ಆಮೇಲೆ ನೆಂಟರ ಹಾಗೆ ಉಳಿದುಕೊಳ್ಳುವುದಕ್ಕೆ ಶುರುಮಾಡಿತು. ಕೊನೆಗೆ ಮುಖ ಬಲಕ್ಕೆ ತಿರುಗಿದ್ದು ತಿರುಗಿದ ಹಾಗೆಯೇ ನಿಂತುಬಿಟ್ಟಿತು. ಮುಲಾಮು ಹಚ್ಚಿದ, ಬಿಸಿನೀರಿನ ಚೀಲ ಕಟ್ಟಿದ, ಗುಳಿಗೆ ನುಂಗಿದ. ಮುಲಾಮಿನ ಘಾಟಿಗೆ ಬೆಕ್ಕು ಮನೆ ಬಿಟ್ಟಿತೇ ಹೊರತು ಕತ್ತು ಹಟ ಬಿಡಲಿಲ್ಲ. ಎಡಕ್ಕೆ ನೋಡಬೇಕಾದರೆ ಅವನು ಇಡೀ ದೇಹವನ್ನೇ ತಿರುಗಿಸಬೇಕು. ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ಭುಜ, ತುಂಬಿದ ಬೀರುವನ್ನು ಮೂಲೆಯಿಂದ ಸರಿಸಿದ ಹಾಗೆ. ಅಷ್ಟು ಹೊತ್ತಿಗೆ ಎಡಗಡೆ ನೋಡಬೇಕಾದ್ದು ಮುಗಿದೇ ಹೋಗಿರುತ್ತಿತ್ತು.

ಈಗ ಅಸಲು ವಿಷಯಕ್ಕೆ ಬರೋಣ. ಎಡಗಡೆ ಇದ್ದದ್ದು ಕನ್ನಡಿ ಅಂಗಡಿ.

ಸ್ಪ್ರಿಂಗಣ್ಣನ ಮನೆ ಅಂಗಡಿಯ ಹಿಂಭಾಗದಲ್ಲೇ. ಎರಡೂ ಅಂಗಡಿಗಳ ಮುಂದೆ ಸೇರಿ ಒಂದೇ ಉದ್ದನೆಯ ಕಟ್ಟೆ. ನಡುವೆ ನೆಲದಲ್ಲೊಂದು ಬಿರುಕು. ಬಿರುಕಿನ ಈಚೆ ಸೋಫಾ, ಆಚೆ ಕನ್ನಡಿ. ಸ್ಪ್ರಿಂಗಣ್ಣನ ಅಪ್ಪನ ಕಾಲದಿಂದ ಅದೇ ಗಡಿ. ಕನ್ನಡಿ ಅಂಗಡಿಯವನನ್ನು ಬೀದಿಯವರು ಕನ್ನಡಿಯಪ್ಪ ಎನ್ನುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಮಾತು, ಸದಾ ನಗುಮುಖ. ಇವನು ಸಿಟ್ಟಾದಷ್ಟೂ ಅವನು ನಗುತ್ತಾನೆ. ಅಂಥವರ ಜೊತೆ ಜಗಳವಾಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ, ಕೈ ಸೋಲುತ್ತದೆ, ಮೂಟೆಗೆ ಏನೂ ಆಗುವುದಿಲ್ಲ.

ಸ್ಪ್ರಿಂಗಣ್ಣನ ಕತ್ತು ಬಲಕ್ಕೆ ನಿಂತ ಸುದ್ದಿ ಕನ್ನಡಿಯಪ್ಪನಿಗೆ ಖಚಿತವಾದ ವಾರದಲ್ಲೇ ಒಂದು ಬಕೀಟು ಗಡಿ ದಾಟಿತು. ಬಕೀಟಿನ ಹಿಂದೆ ಏಣಿ ಬಂತು. ಏಣಿಯ ಹಿಂದೆ ಫ್ರೇಮಿನ ಪಟ್ಟಿಗಳ ಕಟ್ಟು ಬಂತು. ಸ್ಪ್ರಿಂಗಣ್ಣನ ಬೀರು ಎಡಕ್ಕೆ ತಿರುಗತೊಡಗಿದರೆ ಸಾಕು, ಸ್ಟೂಲು ಕಿರ್ ಎನ್ನುವ ಸದ್ದಿಗೇ ಕನ್ನಡಿಯಪ್ಪ ಬಟ್ಟೆ ಹಿಡಿದು ನೆಲ ಒರೆಸುತ್ತಿರುತ್ತಿದ್ದ. "ನಿಮ್ ಕಡೇನೂ ಸ್ವಲ್ಪ ಒರೆಸ್ಬಿಡೋಣ ಅಂತ ಅಣ್ಣಾ."

"ರೀ, ನಿಮ್ಮ ಎಡಗಡೆಗೆ ಏಣಿ ಬಂದು ಕೂತಿದೆ" ಎಂದು ಹೆಂಡತಿ ದಿನಾ ವರದಿ ಒಪ್ಪಿಸುತ್ತಿದ್ದಳು.

"ಎಡಗಡೆ ಸಮಾಚಾರ ನನಗೆ ಹೇಳ್ಬೇಡ. ಆ ಕಡೆ ನಾನು ಹೋಗೋದು ಬಿಟ್ಟಿದ್ದೀನಿ."

"ನೀವು ಬಿಟ್ಟಿದ್ದಕ್ಕೇ ಅವನು ಬರ್ತಾ ಇರೋದು! ಇನ್ನೊಂದು ಮೊಳ ಬಂದ್ರೆ ಮೂರು ಸೀಟಿನ ಸೋಫಾ ಮಗುಚಿ ಹಾಕೋಕೆ ಜಾಗ ಎಲ್ಲಿದೆ? ಒಳಗೆ ಸ್ಟೂಲು ಬಿಟ್ಟು ಬೇರೇನೂ ತಿರುಗಿಸೋಕಾಗಲ್ಲ. ನಾಳೆಯಿಂದ ನೀವು ಸೋಫಾದವರಲ್ಲ, ಸ್ಟೂಲಿನವರು."

ಆ ಮಾತು ಎದೆಗೆ ನಾಟಿತು. ಅಪ್ಪ ಸೋಫಾದವನು, ತಾನು ಸ್ಟೂಲಿನವನೇ? ಮೊಳೆಗಳನ್ನೆಲ್ಲ ತಟ್ಟೆಗೆ ಉಗಿದು, ಎದ್ದು ನಿಂತು ಗುಡುಗಿದ: "ಏ ಕಳ್ಳಾ! ಎತ್ತೋ ನಿನ್ನ ಏಣೀನ!" ಗುಡುಗಿದ್ದೇನೋ ಸರಿ, ಮುಖ ಇದ್ದದ್ದು ಬಲಕ್ಕೆ. ಬಲಗಡೆಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜನ್ನೂ ತೆಗೆಯದೆ ಎದ್ದು ಬಂದು, "ನಾನೇನ್ ಮಾಡ್ದೆ ಸ್ಪ್ರಿಂಗಣ್ಣ? ನನ್ನ ಹತ್ರ ಏಣಿನೇ ಇಲ್ವಲ್ಲ" ಎಂದು ಅಳುವುದೊಂದು ಬಾಕಿ.

ಅಷ್ಟರಲ್ಲಿ ಎಡಗಡೆಯಿಂದ ಕನ್ನಡಿಯಪ್ಪ ಬಂದ. ಬಂದವನೇ ಅಕ್ಕರೆಯಿಂದ ಸ್ಪ್ರಿಂಗಣ್ಣನ ಭುಜದ ಮೇಲೆ ಕೈ ಇಟ್ಟ. "ಬಿಡಿ ಅಣ್ಣಾ, ನಾವು ಅಣ್ಣ ತಮ್ಮ ಇದ್ದ ಹಾಗೆ" ಎನ್ನುತ್ತ ಹೆಬ್ಬೆರಳಿನಿಂದ ಒತ್ತಿದ. ಆ ಹೆಬ್ಬೆರಳಿಗೆ ಯಾರು ವಿಳಾಸ ಕೊಟ್ಟಿದ್ದರೋ, ಅದು ನೋವಿನ ನೆತ್ತಿಯ ಮೇಲೆಯೇ ಹೋಗಿ ಕೂತಿತು. ಸ್ಪ್ರಿಂಗಣ್ಣನ ಕಣ್ಣಲ್ಲಿ ಹಾಡುಹಗಲೇ ನಕ್ಷತ್ರ ಮೂಡಿದವು. ಬಾಯಿಯಿಂದ ಬರಬೇಕಿದ್ದ ಬೈಗುಳ "ಅಮ್ಮಾ" ಎಂದು ಬಂತು. ಅಲ್ಲಿಂದಾಚೆ ಕನ್ನಡಿಯಪ್ಪನಿಗೆ ಜಗಳದ ಬೀಗದಕೈ ಸಿಕ್ಕಿತು. ಇವನು ಬಾಯಿ ತೆರೆದರೆ ಅವನು ಭುಜ ಒತ್ತುತ್ತಾನೆ, ಮುಗಿಯಿತು.

ಹೆಂಡತಿಗೆ ಒಬ್ಬಳು ತಂಗಿ. ಆಸ್ಪತ್ರೆಯೊಂದರಲ್ಲಿ ಫಿಸಿಯೋ ಕೆಲಸ. ಹಿಡಿದುಕೊಂಡ ಮಂಡಿ, ಜಾರಿದ ಸೊಂಟ, ಮರಗಟ್ಟಿದ ಭುಜ ಇವುಗಳನ್ನೆಲ್ಲ ಸರಿಮಾಡುವವಳು. ಈಚೆಗೆ ಸೂಜಿ ಚುಚ್ಚುವ ವಿದ್ಯೆಯನ್ನೂ ಕಲಿತಿದ್ದಳು. ಅಕ್ಕ ಅವಳನ್ನು ಪುಟ್ಟಿ ಎನ್ನುತ್ತಿದ್ದಳು. ಭಾವ ಅವಳಿಗೆ ಇಟ್ಟ ಹೆಸರು ಸೂಜಿಯಮ್ಮ.

"ಪುಟ್ಟಿ ಕೈಯಲ್ಲಿ ಒಂದ್ಸಲ ತೋರಿಸ್ರೀ" ಎಂದು ಹೆಂಡತಿ ಎಷ್ಟು ಸಲ ಹೇಳಿದರೂ ಸ್ಪ್ರಿಂಗಣ್ಣನದು ಒಂದೇ ಉತ್ತರ. "ಅಲ್ವೇ, ದಿನ ಬೆಳಗಾದ್ರೆ ದಬ್ಬಣ ಹಿಡಿದು ನಾನು ಊರಿನ ಸೋಫಾಗಳಿಗೆಲ್ಲ ಚುಚ್ತೀನಿ. ನನಗೇ ಚುಚ್ಚೋಕೆ ಬರ್ತಾಳಾ ಅವಳು?"

ಕೊನೆಗೆ ಹೆಂಡತಿ ತನ್ನ ಹಳೆಯ ಅಸ್ತ್ರವನ್ನೇ ತೆಗೆದಳು. ಅವನು ಬಾಯಿ ತುಂಬ ಮೊಳೆ ಹಾಕಿಕೊಂಡು ಮರದ ಕುರ್ಚಿಗೆ ಬಟ್ಟೆ ಹೊಡೆಯುತ್ತಿದ್ದಾಗ ಎದುರು ನಿಂತು, "ಭಾನುವಾರ ಪುಟ್ಟಿ ಬರ್ತಾಳೆ. ಸೂಜಿ ಹಾಕ್ತಾಳೆ. ಬೇಡ ಅನ್ಲಿಲ್ಲ ತಾನೇ?" ಎಂದಳು.

"ಮ್ಮ್! ಮ್ಮ್ಮ್!"

"ಅಷ್ಟು ಖುಷಿ ಆಯ್ತಾ? ಸರಿ, ಹೇಳಿಬಿಡ್ತೀನಿ."

ಭಾನುವಾರ ಸೂಜಿಯಮ್ಮ ಬಂದಳು. ಗುಲಾಬಿ ಕೋಣೆಯಲ್ಲಿ ಭಾವನನ್ನು ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರಿಸಿದಳು, ಎದೆ ಕುರ್ಚಿಯ ಬೆನ್ನಿಗೆ. ಅಂಗಿ ಬಿಚ್ಚಿಸಿದಳು. ಡಬ್ಬಿ ತೆರೆದಳು.

"ಇದಕ್ಕೇನಂತಾರೆ? ಅಕ್ಯುಪಂಕ್ಚರಾ?"

"ಅದು ಬೇರೆ ಭಾವ. ಅದು ಹಳೇ ವಿದ್ಯೆ, ಮೈಯಲ್ಲಿ ಎಲ್ಲೆಲ್ಲಿ ಚುಚ್ಚಬೇಕು ಅಂತ ಅವರದೇ ಒಂದು ನಕ್ಷೆ ಇರುತ್ತೆ. ನಾನು ಮಾಡೋದು ಡ್ರೈ ನೀಡ್ಲಿಂಗ್. ಸೂಜಿ ಅದೇ ಥರದ್ದು, ಆದ್ರೆ ಎಲ್ಲಿ ಮಾಂಸ ಗಂಟು ಕಟ್ಟಿದೆಯೋ ನೇರ ಅಲ್ಲಿಗೇ."

"ಡ್ರೈ ಅಂದ್ರೆ?"

"ಸೂಜಿಯೊಳಗೆ ಔಷಧಿ ಇರಲ್ಲ."

ಸ್ಪ್ರಿಂಗಣ್ಣ ಬೀರು ತಿರುಗಿದ ಹಾಗೆ ತಿರುಗಿದ. "ಔಷಧಿನೇ ಇಲ್ದೆ ಸುಮ್ನೆ ಚುಚ್ಚೋಕೆ ಓದಿದೋರು ಯಾಕಮ್ಮಾ ಬೇಕು? ರಾತ್ರಿ ಕಿಟಕಿ ತೆಗೆದು ಮಲಗಿದ್ರೆ ಸೊಳ್ಳೆಗಳೇ ಮಾಡ್ತವೆ, ಪುಕ್ಕಟೆ."

"ಸೊಳ್ಳೆ ಕೈಯಲ್ಲಿ ಮಾಡಿಸ್ಕೊಂಡು ಇಷ್ಟು ದಿನ ಆಯ್ತಲ್ಲ, ಎಡಗಡೆ ನೋಡಿದ್ರಾ?" ಎಂದು ಬಾಗಿಲಿನಿಂದ ಹೆಂಡತಿ ಕೇಳಿದಳು.

"ನೀನು ಸುಮ್ನಿರೇ!"

"ಹಣೆ ಆನಿಸೋಕೆ ಒಂದು ದಿಂಬು ಕೊಡಿ ಭಾವ" ಎಂದಳು ಸೂಜಿಯಮ್ಮ. ಸ್ಪ್ರಿಂಗಣ್ಣ ಹುಬ್ಬು ಗಂಟಿಕ್ಕಿಕೊಂಡೇ ತನ್ನ ದಿಂಬನ್ನು ಮುಂದೆ ತಳ್ಳಿದ. ಅವಳು ಅದನ್ನು ಕೈಯಲ್ಲಿ ಹಿಡಿದು, ಎರಡು ಸಲ ಒತ್ತಿ ನೋಡಿ, "ಎಷ್ಟು ಚೆನ್ನಾಗಿದೆ! ಇದರಲ್ಲಿ ಏನೂ ತಪ್ಪಿಲ್ಲ, ನೀವು ಕೆಲಸಕ್ಕೆ ಕೂರೋ ರೀತಿಯದೇ ತಪ್ಪು" ಎಂದಳು.

ಕತ್ತು ಹಿಡಿದ ದಿನದಿಂದ ಈ ಜಗತ್ತಿನಲ್ಲಿ ಆ ದಿಂಬಿನ ಪರವಾಗಿ ಬಾಯಿಬಿಟ್ಟ ಮೊದಲ ಪ್ರಾಣಿ ಅವಳು. ಸ್ಪ್ರಿಂಗಣ್ಣ "ಹೂಂ... ಚುಚ್ಚಮ್ಮ" ಎಂದು ಹಣೆಯನ್ನು ದಿಂಬಿಗೆ ಒಪ್ಪಿಸಿದ.

ಸೂಜಿಯೋ ಕೂದಲೆಳೆಯಷ್ಟು ಸಪೂರ. ದಬ್ಬಣದ ಪಕ್ಕ ಇಟ್ಟರೆ ಆನೆಯ ಪಕ್ಕ ಇರುವೆ. ಅವಳು ಬೆರಳಿನಿಂದ ಕತ್ತು, ಭುಜ ಎಲ್ಲ ತಡಕಿ, ಗಂಟು ಸಿಕ್ಕಲ್ಲಿ ಒರೆಸಿ, ಟಕ್ಕೆಂದು ಸೂಜಿ ಇಳಿಸಿದಳು. ಮೊದಲನೆಯದು ಗೊತ್ತೇ ಆಗಲಿಲ್ಲ. ಎರಡನೆಯದೂ ಅಷ್ಟೆ. "ಇಷ್ಟೇನಾ? ಇದಕ್ಕೆ ಇಷ್ಟು ಹೆಸರಾ?" ಎಂದು ಸ್ಪ್ರಿಂಗಣ್ಣ ನಗುವುದಕ್ಕೂ ಮೂರನೆಯದು ಎಡ ಭುಜದ ಅಸಲು ಗಂಟಿಗೆ ಮುಟ್ಟುವುದಕ್ಕೂ ಸರಿಹೋಯಿತು. ಒಳಗೆ ಏನೋ ಮೀನು ಒದ್ದುಕೊಂಡ ಹಾಗೆ ಪುಳಕ್ಕನೆ ಎಗರಿತು.

"ಅಯ್ಯಯ್ಯಪ್ಪೋ! ಒಳಗ್ಯಾರೋ ಇದ್ದಾರೆ!"

"ಅದೇ ಭಾವ, ಅದೇ! ಗಂಟು ಸಡಿಲಾಗೋವಾಗ ಹಾಗೆ ಎಗರುತ್ತೆ. ಒಳ್ಳೇ ಲಕ್ಷಣ."

ಅವನಿಗೆ ಥಟ್ಟನೆ ಅರ್ಥವಾಯಿತು. ಹಳೇ ಸೋಫಾ ಬಿಚ್ಚುವಾಗ, ವರ್ಷಗಟ್ಟಲೆ ಬಿಗಿದಿದ್ದ ಹುರಿಯನ್ನು ಕತ್ತರಿಸಿದರೆ ಸ್ಪ್ರಿಂಗು ಹೀಗೇ ಎಗರಿ ಮೂಗಿಗೆ ಬಡಿಯುತ್ತದೆ. ಹಾಗಾದರೆ ತಾನೂ ಒಂದು ಹಳೇ ಸೋಫಾ. ಇಷ್ಟು ದಿನ ಎಲ್ಲರೂ ಮೇಲಿನ ಬಟ್ಟೆಗೆ ಮುಲಾಮು ಹಚ್ಚುತ್ತಿದ್ದರು. ಇವಳೊಬ್ಬಳು ಒಳಗಿನ ಹುರಿಗೆ ಕೈ ಹಾಕಿದಳು. ಮನಸ್ಸಿನಲ್ಲೇ ಭೇಷ್ ಅಂದುಕೊಂಡ. ಬಾಯಲ್ಲಿ ಅನ್ನಲಿಲ್ಲ, ನಾದಿನಿಯರನ್ನು ಎದುರಿಗೇ ಹೊಗಳಿದರೆ ತಲೆಯ ಮೇಲೆ ಹತ್ತುತ್ತಾರೆ ಎಂಬುದು ಅವನ ಸಿದ್ಧಾಂತ.

ಕತ್ತಿನ ಎರಡೂ ಕಡೆ, ಭುಜದ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ನೆಟ್ಟು ಮುಗಿಸಿ ಅವಳು ಕೈ ತೊಳೆದಳು. "ಹನ್ನೆರಡು ಹಾಕಿದ್ದೀನಿ. ಈಗ ಸ್ವಲ್ಪ ಹೊತ್ತು ಕಲ್ಲಿನ ಹಾಗೆ ಕೂತಿರ್ಬೇಕು. ಅಲ್ಲಾಡಿದ್ರೆ ನೋಡಿ ಮತ್ತೆ! ಇಲ್ಲೇ ಅಡುಗೆಮನೇಲಿರ್ತೀನಿ."

ಅಕ್ಕ ತಂಗಿ ಕಾಫಿಗೆ ಹೋದರು. ಸ್ಪ್ರಿಂಗಣ್ಣ ಕಲ್ಲಾದ. ಕತ್ತಿನಲ್ಲಿ ಬಿಸಿ ಹರಿದ ಹಾಗೆ, ಭುಜ ಹಗುರಾದ ಹಾಗೆ ಏನೇನೋ ಹಿತವಾಗುತ್ತಿತ್ತು. ಕಣ್ಣು ಮುಚ್ಚುತ್ತಾ ಬಂತು.

ಆಗ ಹೊರಗಿನಿಂದ ಸದ್ದು ಬಂತು. ಗರಗರಗರ.

ಭಾರದ ವಸ್ತುವೊಂದನ್ನು ಕಟ್ಟೆಯ ಮೇಲೆ ಎಳೆಯುವ ಸದ್ದು. ಕಟ್ಟೆಯ ಯಾವ ಕಲ್ಲು ಯಾವ ರಾಗದಲ್ಲಿ ಅಳುತ್ತದೆ ಎಂದು ಸ್ಪ್ರಿಂಗಣ್ಣನಿಗೆ ಗೊತ್ತು. ಇದು ಬಿರುಕಿನ ಆಚೆಯ ಕಲ್ಲಲ್ಲ. ಈಚೆಯದು. ಇನ್ನೂ ಈಚೆಯದು. ಅಯ್ಯೋ, ಇದು ಅವನ ಬಾಗಿಲ ಪಕ್ಕದ್ದೇ! ಜೊತೆಗೆ ಕನ್ನಡಿಯಪ್ಪನ ಬೆಣ್ಣೆ ದನಿ, ಯಾರಿಗೋ ಹೇಳುತ್ತಿತ್ತು: "ಇಲ್ಲೇ ನಿಲ್ಸಪ್ಪ ಸ್ಟ್ಯಾಂಡು. ಇಲ್ಲೀವರೆಗೂ ನಮ್ಮದೇ. ಕೇಳೋರು ಯಾರಿದ್ದಾರೆ? ಅವರ ಮುಖ ಬಲಗಡೆಗೆ ರಿಜಿಸ್ಟರ್ ಆಗೋಗಿದೆ."

ಸ್ಪ್ರಿಂಗಣ್ಣ ಹಲ್ಲು ಕಚ್ಚಿದ. ಕಲ್ಲು, ತಾನು ಕಲ್ಲು.

"ಪಾಪ, ಏನ್ ಮಾಡ್ತಾರೆ" ಎಂದಿತು ದನಿ. "ದಿಂಬು ಸರಿ ಇಲ್ಲ."

ಮುಗಿಯಿತು. ಕಲ್ಲು ಚಂಗನೆ ಎಗರಿತು. ಕುರ್ಚಿ ಅತ್ತ, ದಿಂಬು ಇತ್ತ. ಬರಿಮೈಯಲ್ಲಿ, ಹನ್ನೆರಡು ಸೂಜಿ ಸಮೇತ, ಸ್ಪ್ರಿಂಗಣ್ಣ ಅಂಗಡಿಯೊಳಗಿಂದ ಕಟ್ಟೆಗೆ ಬಿದ್ದ ಸಿಡಿಲಾದ. ಹಿಂದಿನಿಂದ ನಾದಿನಿಯ ಕೂಗು: "ಭಾವ! ಸೂಜಿ! ಭಾವಾ!" ಅವಳ ಹಿಂದೆ ಕಾಫಿ ಲೋಟ ಹಿಡಿದ ಹೆಂಡತಿ.

ಕಟ್ಟೆಯ ಮೇಲೆ ಆಳೆತ್ತರದ ಹೊಸ ಸ್ಟ್ಯಾಂಡು, ಅದರ ತುಂಬ ಕನ್ನಡಿಗಳು. ಒಬ್ಬ ಸ್ಪ್ರಿಂಗಣ್ಣನೇ ಆ ಬೀದಿಗೆ ಹೆಚ್ಚು. ಈಗ ಕನ್ನಡಿಗೊಬ್ಬೊಬ್ಬರ ಹಾಗೆ ಒಂದು ಪಡೆಯೇ ಎದ್ದು ನಿಂತಿತು. ಎಲ್ಲರೂ ಬರಿಮೈ, ಎಲ್ಲರ ಮೀಸೆಯೂ ನೆಟ್ಟಗೆ, ಎಲ್ಲರ ಹೆಗಲಿನ ಮೇಲೂ ಮುಳ್ಳುಹಂದಿಯ ಹಾಗೆ ಸೂಜಿಗಳು ಬಿಸಿಲಿಗೆ ಫಳಫಳ. ಸ್ಟ್ಯಾಂಡು ಹಿಡಿದಿದ್ದ ಆಳು "ಅಯ್ಯಮ್ಮ" ಎಂದು ಕಟ್ಟೆಯಿಂದಲೇ ಕೆಳಗೆ ಹಾರಿದ.

ಕನ್ನಡಿಯಪ್ಪ ಮಾತ್ರ ಅನುಭವಸ್ಥ. ನಗುಮುಖ ತಂದುಕೊಂಡು, "ಬಿಡಿ ಅಣ್ಣಾ, ನಾವು ಅಣ್ಣ ತಮ್ಮ..." ಎಂದು ವಾಡಿಕೆಯಂತೆ ಭುಜಕ್ಕೆ ಕೈ ಚಾಚಿದ. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಎಡ ಭುಜದ ಮೇಲೆ ಸೂಜಿ. ಬಲ ಭುಜದ ಮೇಲೆ ಸೂಜಿ. ಕತ್ತಿನ ಹಿಂದೆ ಸೂಜಿ. ಕೂರಲು ಜಾಗ ಸಿಗದ ನೊಣದ ಹಾಗೆ ಆ ಕೈ ಒಂದು ಸುತ್ತು ಹಾಕಿ, ಸಪ್ಪಗೆ ಅವನ ಜೇಬಿಗೇ ವಾಪಸ್ ಹೋಯಿತು.

"ಹಾಕು ಕೈ! ಹಾಕೋ! ಎಲ್ಲಿ ಹಾಕ್ತೀಯೋ ಹಾಕು ನೋಡೋಣ!"

"ಅಣ್ಣಾ... ಇದೇನಣ್ಣಾ ಇದು..."

"ಇದಾ? ನಿನ್ನಂಥೋರಿಗೆ ಬೇಲಿ!"

ಕನ್ನಡಿಯಪ್ಪನಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಮೆಲ್ಲಗೆ ಎಡಕ್ಕೆ, ಇನ್ನೂ ಎಡಕ್ಕೆ ಸರಿದುಬಿಡುವುದು. ಸ್ಪ್ರಿಂಗಣ್ಣನ ಕಣ್ಣಿಗೆ ಅದು ಜಗತ್ತಿನ ಆಚೆಯ ಜಾಗ. ಸರಿದ. ಆದರೆ ಈ ಸಲ ಆ ಮುಖ ಅವನನ್ನು ಬಿಡಲಿಲ್ಲ. ಪಾದ ಕದಲಲಿಲ್ಲ, ಸೊಂಟ ತಿರುಗಲಿಲ್ಲ, ಬೀರು ಇದ್ದಲ್ಲೇ ಇತ್ತು. ಮುಖವೊಂದೇ ನಿಧಾನವಾಗಿ, ಟೇಬಲ್ ಫ್ಯಾನಿನ ಹಾಗೆ, ಎಡಕ್ಕೆ ತಿರುಗಿ, ಕನ್ನಡಿಯಪ್ಪನ ಕಣ್ಣಿಗೆ ನೆಟ್ಟು ನಿಂತಿತು. ಎಷ್ಟೋ ತಿಂಗಳ ಮೇಲೆ ಅವರಿಬ್ಬರ ಕಣ್ಣು ಕೂಡಿದ್ದು ಅದೇ ಮೊದಲು. ಕನ್ನಡಿಯಪ್ಪನ ನಗು ಕಳಚಿ ಬಿತ್ತು.

"ರೀ!" ಬಾಗಿಲಲ್ಲಿ ಹೆಂಡತಿಯ ಕೈಯ ಕಾಫಿ ತುಳುಕಿತು. "ರೀ, ಕತ್ತು! ಕತ್ತು!"

"ಕತ್ತು ಆಮೇಲೆ, ಮೊದಲು ಕಟ್ಟೆ!" ಎಂದವನಿಗೆ ಆಮೇಲೆ ಹೊಳೆಯಿತು. ಬಲಕ್ಕೆ ನೋಡಿದ. ಎಡಕ್ಕೆ ನೋಡಿದ. ಮತ್ತೆ ಬಲಕ್ಕೆ. ಸ್ವಲ್ಪ ಕುಟುಕಿತು, ಆದರೆ ತಿರುಗಿತು! ಕನ್ನಡಿಗಳಲ್ಲಿದ್ದ ಪಡೆಯೆಲ್ಲ ಎಡಕ್ಕೆ ಬಲಕ್ಕೆ ತಲೆ ತಿರುಗಿಸಿತು. ಗಡಿಯಾರ ರಿಪೇರಿಯವನು ಭೂತಗಾಜು ತೆಗೆದು ಚಪ್ಪಾಳೆ ಹೊಡೆದ. ತನ್ನ ಮೇಲೆ ಬೀಳುತ್ತಿದ್ದ ಬೈಗುಳಗಳು ಇನ್ನು ವಿಳಾಸ ಸರಿಯಾಗಿ ಹೋಗುತ್ತವೆ ಎಂಬ ನೆಮ್ಮದಿ ಅವನದು.

ಮುಂದಿನದ್ದು ಬರೀ ವಿಜಯ. ಸ್ಟ್ಯಾಂಡು ಹಿಂದೆ ಹೋಯಿತು. ಪಟ್ಟಿಯ ಕಟ್ಟು ಹೋಯಿತು. ಏಣಿ ಹೋಯಿತು. ಬಕೀಟನ್ನು ಕನ್ನಡಿಯಪ್ಪ ಕೈಯಾರೆ ಎತ್ತಿಕೊಂಡು, "ಅಣ್ಣಾ, ಸ್ವಲ್ಪ ಒರೆಸಿ ಹೋಗ್ಲಾ?" ಎಂದು ಕೇಳಿದ.

"ಒರೆಸು!" ಎಂದ ಸ್ಪ್ರಿಂಗಣ್ಣ. ಕನ್ನಡಿಯಪ್ಪ ನಿಜವಾಗಿಯೂ ಒರೆಸಿದ.

ಕಟ್ಟೆ ಒಣಗುವ ಮುಂಚೆಯೇ ಸ್ಪ್ರಿಂಗಣ್ಣ ಅಂಗಡಿಯೊಳಗಿನಿಂದ ಅಪ್ಪನ ಕಾಲದ ಮೂರು ಸೀಟಿನ ಸೋಫಾವನ್ನು ಒಬ್ಬನೇ ಎಳೆದು ತಂದು, ಬಿರುಕಿನ ಅಂಚಿಗೆ ಸರಿಯಾಗಿ ಹಾಕಿ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ನಾದಿನಿ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಗೆದ್ದವನಿಗೆ ಅದೆಲ್ಲ ಕಾಣಿಸುತ್ತದೆಯೇ? ಕೂಡಿದ ಜನರ ಕಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ (ತಿರುಗಿಸುವ ಅವಶ್ಯಕತೆಯೇನೂ ಇರಲಿಲ್ಲ, ಹೊಸದಾಗಿ ಬಂದ ಸೊತ್ತು, ಬಳಸಬೇಕು ತಾನೇ) ಭಾಷಣ ಹೊಡೆದ:

"ನೋಡ್ರೋ! ಯಾವ ದಿಂಬೂ ಅಲ್ಲ, ಯಾವ ಮುಲಾಮೂ ಅಲ್ಲ! ನಮ್ಮ ನಾದಿನಿ ಕೈಗುಣ! ಕತ್ತು ಹಿಡಿದೋರು, ಸೊಂಟ ಹಿಡಿದೋರು ಯಾರಿದ್ರೂ ಬನ್ನಿ! ಈ ಕಟ್ಟೆ ಮೇಲೆ ಬಂದು ಕೂರಿ! ಯಾವನು ಬೇಡ ಅಂತಾನೋ ನಾನೂ ನೋಡ್ತೀನಿ!"

ಯಾವನೂ ಬೇಡ ಅನ್ನಲಿಲ್ಲ. ಅದೇ ಮುಂದೆ ತೊಂದರೆಯಾದದ್ದು.

ನಾದಿನಿ ಕಡೆಗೂ ಅವನ ಹಿಂದೆ ನಿಂತು, ಬೈದುಕೊಂಡು ಒಂದೊಂದೇ ಸೂಜಿ ಕೀಳತೊಡಗಿದಳು. "ಅಲ್ಲಾಡ್ಬೇಡಿ ಅಂದ್ರೆ ಯುದ್ಧಕ್ಕೆ ಹೋಗ್ತಾರಾ ಯಾರಾದ್ರೂ? ಒಳಗೆ ಮುರಿದಿದ್ರೆ ಏನ್ ಗತಿ? ಒಂಬತ್ತು... ಹತ್ತು... ಹನ್ನೊಂದು." ನಿಂತಳು. ಮತ್ತೆ ಮೈಯೆಲ್ಲ ತಡಕಿದಳು. "ಭಾವ, ಇನ್ನೊಂದು ಎಲ್ಲಿ?"

"ಇನ್ನೊಂದಾ? ನನ್ನನ್ನ ಕೇಳ್ತೀಯಲ್ಲ, ಬೆನ್ನ ಹಿಂದೆ ನನಗೆ ಕಣ್ಣಿದೆಯಾ?"

"ಹನ್ನೆರಡು ಹಾಕಿದ್ದೆ. ಹಾಕಿದಷ್ಟೂ ಎಣಿಸಿ ತೆಗೀಬೇಕು, ಅದೇ ಮೊದಲ ಪಾಠ. ಮೈಯಲ್ಲಿ ಇಲ್ಲ. ಎಲ್ಲಿ ಬೀಳಿಸಿದ್ರಿ?"

ಎಲ್ಲರ ಕಣ್ಣೂ ಒಟ್ಟಿಗೆ ಸೋಫಾದ ಮೇಲೆ ಬಿತ್ತು. ಸ್ಪ್ರಿಂಗಣ್ಣ ಜೀವಮಾನದಲ್ಲಿ ಮೊದಲ ಸಲ ಒಂದು ಸೋಫಾದಿಂದ ಮೆಲ್ಲಗೆ, ಬಲು ಮೆಲ್ಲಗೆ ಎದ್ದ.

ಹುಡುಕಾಟ ಶುರುವಾಯಿತು. ಆಯಸ್ಕಾಂತದ ಸುತ್ತಿಗೆ ತಂದು ಸೋಫಾದ ಮೇಲೆ ಆಡಿಸಿದ. ಹಳೇ ಮೊಳೆಗಳು ಬಂದವು, ಮುರಿದ ಪಿನ್ನು ಬಂತು, ಅಪ್ಪನ ಕಾಲದ ಅಂಗಿ ಗುಂಡಿಯೊಂದು ಸಿಕ್ಕಿತು, ಸೂಜಿ ಬರಲಿಲ್ಲ. "ಅದಕ್ಕೆ ಆಯಸ್ಕಾಂತ ಹಿಡಿಯಲ್ಲ ಭಾವ, ಒಳ್ಳೇ ಸ್ಟೀಲು" ಎಂದಳು ಸೂಜಿಯಮ್ಮ. ಸೀಟಿನ ಬಟ್ಟೆ ಬಿಚ್ಚಿದ. ಹತ್ತಿ ತೆಗೆದು ಚೂರು ಚೂರಾಗಿ ಹಿಂಜಿದ. ಸ್ಪ್ರಿಂಗು ಬಿಚ್ಚಿದ. ಕನ್ನಡಿಯಪ್ಪ ಬಿರುಕಿನ ಆಚೆ ನಿಂತೇ ಒಂದು ಕನ್ನಡಿಯನ್ನು ಸೋಫಾದ ಅಡಿಗೆ ಹಿಡಿದು, "ಆ ಮೂಲೆ ನೋಡಿ ಅಣ್ಣಾ" ಎಂದು ಸಹಾಯ ಮಾಡಿದ. ಸಂಜೆಯ ಹೊತ್ತಿಗೆ ಅಪ್ಪನ ಸೋಫಾ ಬರೀ ಮರದ ಅಸ್ಥಿಪಂಜರವಾಗಿತ್ತು. ಸೂಜಿ ಮಾತ್ರ ಇರಲಿಲ್ಲ.

"ಹೋಗ್ಲಿ ಬಿಡು, ಒಂದು ಸೂಜಿ ತಾನೇ" ಎಂದ ಸ್ಪ್ರಿಂಗಣ್ಣ ಬೆವರು ಒರೆಸಿಕೊಳ್ಳುತ್ತ.

"ಹೋಗ್ಲಿ ಬಿಡು?" ಸೊಂಟದ ಮೇಲೆ ಕೈ ಇಟ್ಟವಳು ಹೆಂಡತಿ. "ಒಂದು ಬಕೀಟು ಬಂದಿದ್ದಕ್ಕೆ ಬೀದಿ ಎದ್ದು ಕೂರೋ ಹಾಗೆ ಕೂಗಾಡಿದ್ರಿ. ಅವಳ ಸೂಜಿ ಕಳೆದು ಹೋಗ್ಲಿ ಬಿಡು ಅಂತೀರಾ? ನಿಮ್ಮ ಕತ್ತು ತಿರುಗಿಸಿದ ಹುಡುಗಿಗೆ ಇದೇನಾ ಮರ್ಯಾದೆ? ನೋಡೇ ಪುಟ್ಟಿ, ಸೂಜಿ ಸಿಗೋವರೆಗೂ ಈ ಕಟ್ಟೆ ನಿನಗೆ ಅಡವು."

"ಏನು? ಅಡವಾ? ಏ..." ಎಂದು ಸ್ಪ್ರಿಂಗಣ್ಣ ಎಗರುವಷ್ಟರಲ್ಲಿ ಬಿರುಕಿನ ಆಚೆಯಿಂದ ಕೆಮ್ಮು ಕೇಳಿಸಿತು.

"ಅಕ್ಕಾ, ಒಂದು ಮಾತು" ಎಂದ ಕನ್ನಡಿಯಪ್ಪ, ತನ್ನ ಸೊಂಟ ಹಿಡಿದುಕೊಂಡು. "ಬಗ್ಗಿ ಗಾಜು ಕತ್ತರಿಸಿ ಕತ್ತರಿಸಿ ನನಗೂ ಇಲ್ಲೊಂದು ಗಂಟಿದೆ. ಅಣ್ಣ ಅವಾಗ ಎಲ್ಲರ ಮುಂದೆ ಕರೆದ್ರಲ್ಲ, ಕಟ್ಟೆ ಮೇಲೆ ಬಂದು ಕೂರಿ ಅಂತ..."

ಬೀದಿಯೆಲ್ಲ ಸಾಕ್ಷಿ. ಗಡಿಯಾರದವನು ತಲೆ ಆಡಿಸಿದ. ಸ್ಪ್ರಿಂಗಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕತ್ತು ಎರಡೂ ಕಡೆ ಚೆನ್ನಾಗಿ ತಿರುಗಿತು. ಯಾವ ಕಡೆಯಲ್ಲೂ ತನ್ನ ಪರ ಇರುವವರು ಕಾಣಲಿಲ್ಲ.

ಈಗ ಪ್ರತಿ ಭಾನುವಾರ ಸೂಜಿಯಮ್ಮ ಬರುತ್ತಾಳೆ. ಗುಲಾಬಿ ಕೋಣೆಯೊಳಗೆ ಚಿಕಿತ್ಸೆ, ಹೊರಗೆ ಕಟ್ಟೆಯ ಮೇಲೆ ಸಾಲು. ಸ್ಪ್ರಿಂಗಣ್ಣ ಹೊಸ ಹುರಿ, ಹೊಸ ಹತ್ತಿ ಹಾಕಿ ಮತ್ತೆ ಕಟ್ಟಿದ ಅಪ್ಪನ ಸೋಫಾದ ಮೇಲೆ ಎಲ್ಲರಿಗಿಂತ ಮೊದಲು ಬಂದು ಕೂರುವವನು ಕನ್ನಡಿಯಪ್ಪ. ಸೋಫಾದಲ್ಲಿ ಎಲ್ಲೋ ಸೂಜಿ ಇರಬಹುದು ಎಂದು ಹೆದರಿಸಿದರೆ, "ಇರ್ಲಿ ಬಿಡಿ ಅಣ್ಣಾ, ಚುಚ್ಚಿಸ್ಕೊಳ್ಳೋಕೇ ತಾನೇ ಬಂದಿರೋದು" ಎನ್ನುತ್ತಾನೆ. ಮೂಲೆ ಮನೆಯ ಮೇಷ್ಟರೂ ಬರುತ್ತಾರೆ. ಸ್ಪ್ರಿಂಗಣ್ಣ ಬಾಗಿಲ ಪಕ್ಕ ಉಳಿದ ಜಾಗದಲ್ಲಿ ಸ್ಟೂಲೊಂದನ್ನು ಮಗುಚಿಕೊಂಡು ಮೊಳೆ ಹೊಡೆಯುತ್ತಾನೆ. (ಸೋಮವಾರದಿಂದ ಸೋಫಾದವನು, ಭಾನುವಾರ ಒಂದು ದಿನ ಸ್ಟೂಲಿನವನು. ಅದಕ್ಕೇನಂತೆ? ಕೇಳಿದರೆ, ಗಡಿ ಗೆದ್ದದ್ದು ತಾನು, ಕತ್ತು ತಿರುಗುವುದು ತನಗೆ, ಕನ್ನಡಿಯಪ್ಪ ತನ್ನ ನೆಲದ ಮೇಲೆ ಕೂರುವುದು ತನ್ನ ಅಪ್ಪಣೆಯಿಂದ ಎಂದು ಲೆಕ್ಕ ಹೇಳುತ್ತಾನೆ. ನಂಬುವವರು ನಂಬಬಹುದು.)

ಅಡವು ಬಿಡಿಸಿಕೊಳ್ಳಲು ಅವನು ಸುಮ್ಮನೆ ಕೂತನೆಂದಲ್ಲ. ಊರೆಲ್ಲ ವಿಚಾರಿಸಿ, ಅದೇ ಅಳತೆಯ, ಅದೇ ಸ್ಟೀಲಿನ ಸೂಜಿಗಳ ಹೊಸ ಡಬ್ಬಿಯನ್ನೇ ತಂದ. ಸೀಲು ಒಡೆಯದ್ದು, ತುಂಬಿದ್ದು. ಒಂದು ಭಾನುವಾರ ಕಟ್ಟೆಯ ಮೇಲೆ ಎಲ್ಲರ ಎದುರು, ಕತ್ತು ಎತ್ತಿ, ನಾದಿನಿಯ ಕೈಗಿಟ್ಟ.

"ತಗೋ! ಒಂದಕ್ಕೆ ನೂರು. ಇವತ್ತಿಗೆ ತೀರ್ತು ತಾನೇ?"

ಸೂಜಿಯಮ್ಮ ಡಬ್ಬಿ ತೆರೆದಳು, ಬೆರಳಾಡಿಸಿ ನೋಡಿದಳು, ಚೀಲಕ್ಕೆ ಹಾಕಿಕೊಂಡಳು.

"ತುಂಬ ಚೆನ್ನಾಗಿದೆ ಭಾವ. ಇದು ಬಡ್ಡಿಗೆ ಆಯ್ತು. ಅಸಲು ಹಾಗೇ ಇದೆ."